ಶಮೀವೃಕ್ಷದ ಹೆಣವೂ ಅಮೆರಿಕದ ಬಡ ಚಲಚ್ಚಿತ್ರಗಳೂ

ಮಳೆ ತಡೆದ ವರ್ಷಗಳಲ್ಲಿ ವಿರಾಟಪರ್ವವನ್ನು ಓದಿಸುವ ವಾಡಿಕೆ ಕನ್ನಡನಾಡಿನಲ್ಲಿ ಹಳೆಯದು. ಹಿರಿಯೂರು ಸೀಮೆಯಂತಹ ಒಣ ಪ್ರದೇಶದಲ್ಲಿ, ಯಲ್ಲದಕೆರೆಯಂತಹ ಊರುಗಳಲ್ಲಿ, ಮುಗಿಲನ್ನು ನೋಡಿ ನೋಡಿ ಬೇಸತ್ತ ಜನಕ್ಕೆ ಆ ಕಥೆ ಏಕೆ ಹಿಡಿಸುವುದೆಂಬುದನ್ನು ವಿವರಿಸಬೇಕಾಗಿಲ್ಲ. ಅದರಲ್ಲಿ ದನಗಳ ಹಿಂಡಿದೆ, ಹಿಂಡನ್ನು ಹೊಡೆದುಕೊಂಡು ಹೋಗುವ ಶತ್ರುಗಳಿದ್ದಾರೆ, ಬೆನ್ನಟ್ಟುವ ರಥವಿದೆ. ಇವೆಲ್ಲದರ ನಡುವೆ ಒಂದು ಸ್ಮಶಾನವೂ ಇದೆ. ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಬಚ್ಚಿಟ್ಟು, ಯಾರೂ ಹತ್ತಿರ ಸುಳಿಯದಿರಲೆಂದು ಒಂದು ಹೆಣವನ್ನೂ ಅಲ್ಲಿ ಕಟ್ಟಿದರೆಂದು ಮೂಲಭಾರತವು ಹೇಳುತ್ತದೆ. ಕೌರವಸೇನೆಯನ್ನು ಕಂಡು ಓಡಿದ ಉತ್ತರಕುಮಾರನನ್ನು ಹಿಡಿದು ತಂದು, ಬೃಹನ್ನಳೆಯ ವೇಷದ ಅರ್ಜುನನು ಅದೇ ಮರವನ್ನು ಹತ್ತಿಸುತ್ತಾನೆ. ಗೋಗ್ರಹಣದ ವೀರವೂ ಸ್ಮಶಾನದ ಭಯವೂ ಹೀಗೆ ಒಂದೇ ಕಥೆಯಲ್ಲಿ ಕೂಡಿದ್ದನ್ನು ಯಾವ ಶ್ರೋತೃವೂ ಅನುಚಿತವೆಂದುದಿಲ್ಲ.

ಆದರೆ ಇದೇ ಎರಡನ್ನು ಅಮೆರಿಕದ ಕೆಲವು ಚಲಚ್ಚಿತ್ರಗಳು ಕೂಡಿಸಿದಾಗ ಮಾತ್ರ ವಿದ್ಯಾವಂತರ ಮನೆಗಳಲ್ಲಿ ಮೂಗು ಮುರಿಯುವುದುಂಟು. ವೆಸ್ಟರ್ನ್ ಎಂದು ಕರೆಯುವ ಚಿತ್ರಗಳನ್ನು ಎಲ್ಲರೂ ಬಲ್ಲರು: ಬಟ್ಟಬಯಲು, ಕುದುರೆ, ದನಗಳ ಮಂದೆ, ಸೊಂಟದಲ್ಲಿ ಬಂದೂಕು, ಕಾಯಿದೆ ಇನ್ನೂ ಬೇರೂರದ ಒಂದು ಊರು. ಪಿಶಾಚಿಯ ಚಿತ್ರಗಳನ್ನೂ ಬಲ್ಲರು. ಇವೆರಡನ್ನೂ ಬೆರಸಿ, ಅಲ್ಪವಾದ ಹಣದಲ್ಲಿ, ಕೆಲವೇ ದಿನಗಳಲ್ಲಿ ತೆಗೆದ ಚಿತ್ರಗಳ ಒಂದು ಸಣ್ಣ ಕುಲವೇ ಇದೆ. ಹೆಸರು ಕೇಳಿದೊಡನೆ ನಗು ಬರುವುದೂ ಸಹಜ. 1966ರಲ್ಲಿ ಬಂದ ಒಂದರ ಹೆಸರು ‘ಬಿಲ್ಲಿ ದ ಕಿಡ್ ವರ್ಸಸ್ ಡ್ರಾಕುಲಾ’; ಅದರ ಜೋಡಿಯಾಗಿ ಬಂದದ್ದು ‘ಜೆಸ್ಸಿ ಜೇಮ್ಸ್ ಮೀಟ್ಸ್ ಫ್ರಾಂಕೆನ್‌ಸ್ಟೈನ್ಸ್ ಡಾಟರ್’. ಎರಡನೆಯದರ ಹೆಸರಿನಲ್ಲಿ ಮಗಳೆಂದಿದ್ದರೂ ಕಥೆಯೊಳಗೆ ಬರುವವಳು ಮೊಮ್ಮಗಳು! ಇಷ್ಟು ಅಜಾಗರೂಕತೆಯಿಂದ ಹುಟ್ಟಿದ ವಸ್ತುವಿನಲ್ಲಿ ಸಹೃದಯನಿಗೆ ಏನಿದ್ದೀತು ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗುತ್ತದೆ.

ಮೊದಲು ಶಾಸ್ತ್ರದ ಆಕ್ಷೇಪಣೆಯನ್ನು ನೋಡೋಣ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ರಸವಿರೋಧವನ್ನು ವಿಚಾರಿಸುತ್ತಾನೆ. ವೀರ ಭಯಾನಕಗಳು ಒಬ್ಬನಲ್ಲಿಯೇ ನಿಂತರೆ ಒಂದನ್ನೊಂದು ಕೆಡಿಸುತ್ತವೆ. ಉತ್ಸಾಹವುಳ್ಳವನು ಹೆದರಿದರೆ ಉತ್ಸಾಹವೆಲ್ಲಿ ಉಳಿಯಿತು? ಇದಕ್ಕೆ ಆತನು ಹೇಳುವ ಪರಿಹಾರವು ಆಶ್ರಯಭೇದ: ನಾಯಕನಲ್ಲಿ ಉತ್ಸಾಹವನ್ನಿರಿಸಿ, ಭಯವನ್ನು ಅವನ ಪ್ರತಿಪಕ್ಷದಲ್ಲಿರಿಸಬೇಕು. ವಿರಾಟಪರ್ವವು ಇನ್ನೊಂದು ಬಗೆಯಿಂದ ಇದನ್ನು ಸಾಧಿಸಿದೆ. ಒಂದೇ ರಥದಲ್ಲಿ ಇಬ್ಬರು. ಒಬ್ಬನಲ್ಲಿ ಭಯ, ಇನ್ನೊಬ್ಬನಲ್ಲಿ ವೀರ. ರಥಿಕನಾಗಿ ಹೊರಟವನು ಸಾರಥಿಯಾಗುತ್ತಾನೆ, ಸಾರಥಿಯಾಗಿದ್ದವನು ರಥಿಕನಾಗುತ್ತಾನೆ.

ಈ ಬಡ ಚಿತ್ರಗಳಾದರೋ ನಿಷಿದ್ಧವಾದುದನ್ನೇ ಮಾಡುತ್ತವೆ. ಬಂದೂಕು ಹಿಡಿದ ನಾಯಕನ ಎದೆಯಲ್ಲಿಯೇ ಭಯವನ್ನು ಇಡುತ್ತವೆ. ಅವುಗಳ ದೋಷವೆಂದು ತೋರುವುದೂ ಇದೇ, ಸೊಗಸಿನ ಮೂಲವೂ ಇದೇ.

1959ರ ‘ಕರ್ಸ್ ಆಫ್ ದಿ ಅನ್‌ಡೆಡ್’ ಎಂಬ ಕಪ್ಪುಬಿಳುಪಿನ ಚಿತ್ರವನ್ನು ತೆಗೆದುಕೊಳ್ಳಬಹುದು. ಎಡ್ವರ್ಡ್ ಡೀನ್ ನಿರ್ದೇಶಿಸಿದ ಈ ಚಿತ್ರವನ್ನು ಆತನೂ ಆತನ ಪತ್ನಿ ಮಿಲ್ಡ್ರೆಡ್ ಡೀನ್ ಅವರೂ ಸೇರಿ ಬರೆದರು. ಕಾರ್ಟರ್ ಎಂಬ ಮನೆತನಕ್ಕೂ ನೆರೆಯ ಬಲಿಷ್ಠನಾದ ಬಫರನಿಗೂ ಜಗಳ. ತಂದೆಯನ್ನೂ ತಮ್ಮನನ್ನೂ ಕಳೆದುಕೊಂಡ ಮಗಳು, ಸೇಡಿಗಾಗಿ ಬಂದೂಕುಗಾರನೊಬ್ಬನನ್ನು ಹಣಕ್ಕೆ ಕರೆಸುತ್ತಾಳೆ. ಬರುವವನು ಕಪ್ಪು ಉಡುಪಿನ ಡ್ರೇಕ್ ರೋಬೆ. ನಟ ಮೈಕೇಲ್ ಪೇಟ್. ಅವನು ರಕ್ತ ಹೀರುವ ಪ್ರೇತ. ಅವಳ ತಂದೆಯನ್ನು ಕೊಂದವನೂ ಅವನೇ. ಗುಂಡು ತಗಲಿದರೂ ಅವನು ಬೀಳುವುದಿಲ್ಲ. ವೆಸ್ಟರ್ನ್ ಕಥೆಯ ನ್ಯಾಯವೆಲ್ಲ ನಿಂತಿರುವುದು ಬಂದೂಕಿನ ಮೇಲೆ: ಮೊದಲು ಹೊಡೆದವನು ಗೆದ್ದನು. ಆ ಬಂದೂಕು ಕೆಲಸಕ್ಕೆ ಬಾರದ ಕ್ಷಣದಲ್ಲಿ, ಶೂರರೆನಿಸಿದವರೆಲ್ಲ ಒಮ್ಮೆಲೇ ಉತ್ತರಕುಮಾರರಾಗುತ್ತಾರೆ. ಕಡೆಗೆ ಗೆಲ್ಲುವವನು ಊರಿನ ಪಾದ್ರಿ. ಗುಂಡಿನ ತುದಿಯಲ್ಲಿ ಪುಟ್ಟ ಶಿಲುಬೆಯನ್ನು ಅಳವಡಿಸಿಕೊಂಡು ಅವನು ಎದುರಿಗೆ ನಿಲ್ಲುತ್ತಾನೆ. ಗೆದ್ದದ್ದು ಕೈಯ ಚುರುಕಲ್ಲ, ಮನಸ್ಸಿನ ನಿಷ್ಠೆ.

ಇದರಲ್ಲಿ ಇನ್ನೊಂದು ಮಾತಿದೆ. ಕಾರ್ಟರರ ಭೂಮಿಯು ಹಿಂದೆ ಆ ಪ್ರೇತದ ತಂದೆಯದೇ ಆಗಿತ್ತು. ತನ್ನ ಹೆಂಡತಿಯ ಕಾರಣದಿಂದ ತಮ್ಮನನ್ನು ಕೊಂದು, ತಾನೂ ಸತ್ತು, ಶಾಂತಿಯಿಲ್ಲದೆ ಅಲೆಯುವ ಜೀವವದು. ಆದುದರಿಂದ ಅವನು ಎಲ್ಲಿಂದಲೋ ಬಂದ ಪರಕೀಯನಲ್ಲ, ಹಳೆಯ ಯಜಮಾನ. ದೊಡ್ಡ ಹಣದ ವೆಸ್ಟರ್ನ್ ಚಿತ್ರಗಳಲ್ಲಿ ಅನೇಕವು ಭೂಮಿಯನ್ನು ಗೆದ್ದವರ ಜಯಘೋಷವನ್ನು ಕೇಳಿಸುತ್ತವೆ. ಆ ಭೂಮಿ ಮೊದಲು ಯಾರದೆಂಬುದನ್ನು ಕೇಳುವುದಿಲ್ಲ. ಈ ಬಡ ಚಿತ್ರವು ಪಿಶಾಚಿಯ ನೆಪದಲ್ಲಿ ಅದನ್ನು ಕೇಳಿಬಿಟ್ಟಿದೆ. ತೀರದ ಋಣವೇ ದೆವ್ವವಾಗಿ ಬರುವುದೆಂಬ ನಂಬಿಕೆ ನಮ್ಮ ಹಳ್ಳಿಗಳಿಗೂ ಹೊಸದಲ್ಲ.

ಹಣವಿಲ್ಲದುದರಿಂದ ಆದ ಲಾಭವನ್ನೂ ಇಲ್ಲಿ ಗಮನಿಸಬೇಕು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕದ ವಿಭಾವಗಳನ್ನು ಎಣಿಸುವಾಗ ವಿಕೃತವಾದ ಕೂಗು, ಭೂತದರ್ಶನ, ನರಿ ಗೂಬೆಗಳ ದನಿ, ಶೂನ್ಯಗೃಹ, ಅರಣ್ಯ ಇವುಗಳನ್ನು ಹೇಳಿದೆ. ಭೂತದರ್ಶನವೊಂದನ್ನು ಬಿಟ್ಟರೆ ಉಳಿದವಕ್ಕೆ ವೆಚ್ಚವೇ ಇಲ್ಲ. ಹಾಳುಮನೆ, ಗಾಳಿಗೆ ಬಡಿಯುವ ಬಾಗಿಲು, ಕಣ್ಣು ಹರಿಯುವಷ್ಟು ದೂರ ಯಾರೂ ಇಲ್ಲದ ಬಯಲು: ಇವು ವೆಸ್ಟರ್ನ್ ಚಿತ್ರಕ್ಕೆ ಮೊದಲೇ ಇದ್ದ ಸಾಮಗ್ರಿ. ಭೂತವನ್ನು ತೋರಿಸಲು ಕಾಸಿಲ್ಲದವನು ಅದರ ಸುಳಿವನ್ನು ಮಾತ್ರ ಕೊಡುತ್ತಾನೆ. ಪ್ರೇಕ್ಷಕನು ಉಳಿದುದನ್ನು ತನ್ನ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ. ವಾಚ್ಯಕ್ಕಿಂತ ವ್ಯಂಗ್ಯವು ಮೇಲೆಂದು ಆನಂದವರ್ಧನನು ಸಾಧಿಸಿದುದನ್ನು ಈ ಬಡವರು ನಿರ್ವಾಹವಿಲ್ಲದೆ ಆಚರಿಸಿದರು. ಶಮೀವೃಕ್ಷದ ಯುಕ್ತಿಯೂ ಇದೇ ಅಲ್ಲವೆ? ಒಂದು ಹೆಣ, ಒಂದು ವದಂತಿ. ಇಷ್ಟರಿಂದಲೇ ಗಾಂಡೀವವು ವರ್ಷಕಾಲ ಸುರಕ್ಷಿತವಾಗಿತ್ತು.

ಹಾಗೆಂದು ಬಡತನವೇ ಗುಣವೆಂದು ಹೇಳಲಾಗದು. ‘ಬಿಲ್ಲಿ ದ ಕಿಡ್ ವರ್ಸಸ್ ಡ್ರಾಕುಲಾ’ ಚಿತ್ರದ ನಿರ್ದೇಶಕ ವಿಲಿಯಂ ಬೋಡೀನ್ ಮೂಕಚಿತ್ರಗಳ ಕಾಲದಿಂದ ದುಡಿದವನು. 1926ರಲ್ಲಿ ಮೇರಿ ಪಿಕ್‌ಫೋರ್ಡಳ ‘ಸ್ಪ್ಯಾರೋಸ್’ ಚಿತ್ರವನ್ನು ಮಾಡಿದ್ದವನು. ಪ್ರೇತನಾದ ಜಾನ್ ಕ್ಯಾರಡೀನ್ 1944ರಲ್ಲಿಯೂ 1945ರಲ್ಲಿಯೂ ಅದೇ ಪಾತ್ರವನ್ನು ಗಂಭೀರವಾಗಿ ಆಡಿದ್ದವನು. ಆದರೂ ಇಲ್ಲಿ ಎಲ್ಲವನ್ನೂ ತೋರಿಸುವ ಹಟದಿಂದ ರಸವು ಕೆಟ್ಟಿದೆ. ಬಾವಲಿ ಆಟಿಕೆಯಂತಿದೆ, ವಶೀಕರಣ ಮಾಡುವಾಗಲೆಲ್ಲ ಮುಖದ ಮೇಲೆ ಕೆಂಪು ದೀಪ ಬೀಳುತ್ತದೆ. ಗುಂಡುಗಳು ವ್ಯರ್ಥವಾದ ಮೇಲೆ ನಾಯಕನು ಬರಿದಾದ ಬಂದೂಕನ್ನೇ ಬೀಸಿ ಎಸೆಯುತ್ತಾನೆ. ಗುಂಡಿಗೆ ಜಗ್ಗದ ಪಿಶಾಚಿ ಆ ಪೆಟ್ಟಿಗೆ ಉರುಳುತ್ತದೆ! ಭಯಾನಕವು ಹೋಗಿ ಹಾಸ್ಯವಾಯಿತು. ಆದರೆ ಇದು ತಿರಸ್ಕಾರದ ನಗೆಯಲ್ಲ. ಊರ ಬಯಲಾಟದಲ್ಲಿ ರಾಕ್ಷಸನ ಮೀಸೆ ಕಳಚಿ ಬಿದ್ದಾಗ ನಗುವ ಜನ ಆಟವನ್ನು ಬಿಟ್ಟು ಏಳುವುದಿಲ್ಲ. ತನ್ನ ಕೆಲಸವನ್ನು ನಂಬಿ ಆಡುವವನ ಮೇಲೆ ಹುಟ್ಟುವ ಮಮತೆಯದು. ಈ ಚಿತ್ರಗಳ ಮೇಲೆ ಇಂದಿಗೂ ಕೆಲವರಿಗೆ ಉಳಿದಿರುವ ಪ್ರೀತಿಯ ಒಂದು ಪಾಲು ಇದಕ್ಕೆ ಸಲ್ಲಬೇಕು.

ಇನ್ನೊಂದು ತುದಿಯ ಉದಾಹರಣೆ 2015ರ ‘ಬೋನ್ ಟೊಮಹಾಕ್’. ಸುಮಾರು 18 ಲಕ್ಷ ಡಾಲರುಗಳಲ್ಲಿ ಆದ ಈ ಚಿತ್ರ ಅಮೆರಿಕದ ಲೆಕ್ಕದಲ್ಲಿ ಬಡ ಚಿತ್ರವೇ. ನಿರ್ದೇಶಕ ಎಸ್. ಕ್ರೇಗ್ ಜಾಲರ್. ಅಪಹೃತರಾದವರನ್ನು ಬಿಡಿಸಲು ನಾಲ್ವರು ಹೊರಡುತ್ತಾರೆ. ಅವರಲ್ಲಿ ಒಬ್ಬನು ಮುದುಕ, ಒಬ್ಬನ ಕಾಲು ಮುರಿದಿದೆ. ಚಿತ್ರದ ಬಹುಭಾಗವು ಅವರ ನಡಿಗೆ ಮತ್ತು ಮಾತು. ಆ ನಿಧಾನದಲ್ಲಿ ಭಯವು ಬೆಳೆಯುವ ಬಗೆ ಮೆಚ್ಚತಕ್ಕದ್ದು. ಆದರೆ ಕಡೆಗೆ ಗುಹಾವಾಸಿಗಳ ಕ್ರೌರ್ಯವನ್ನು ಕಣ್ಣೆದುರಿಗೇ ಹರಡುತ್ತಾರೆ. ಬೀಭತ್ಸದಿಂದ ಭಯಾನಕವು ಹುಟ್ಟುವುದೆಂದು ಭರತನು ಹೇಳಿರುವುದು ನಿಜ. ಬೀಭತ್ಸವೇ ಅತಿಯಾದರೆ ಭಯವೂ ಉಳಿಯದೆ ಜುಗುಪ್ಸೆಯೊಂದೇ ಉಳಿಯುವುದೆಂಬುದೂ ಅಷ್ಟೇ ನಿಜ. ಅದನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಇಡುವುದೇ ಗೃಹಸ್ಥರಿಗೆ ಲೇಸು.

ಕನ್ನಡದಲ್ಲಿ ಈ ಎರಡರ ಕೂಟಕ್ಕೆ ಸಲ್ಲುವ ಹೆಸರಾದ ಚಿತ್ರ ಇಲ್ಲವೆಂದೇ ಹೇಳಬಹುದು. ಬಿಡಿಬಿಡಿಯಾಗಿ ಮಾತ್ರ ಸಾಮಗ್ರಿಯಿದೆ. 1979ರ ‘ನಾ ನಿನ್ನ ಬಿಡಲಾರೆ’ ಚಿತ್ರದಲ್ಲಿ ಅನಂತನಾಗ್ ಅವರು ಪ್ರೇತಬಾಧೆಗೆ ಸಿಕ್ಕ ಗೃಹಸ್ಥನಾಗಿ ನಾಡನ್ನೇ ನಡುಗಿಸಿದರು. ಅಲ್ಲಿಯ ಭಯ ಮನೆಯೊಳಗಿನದು. ರಾಮನಗರದ ಬಂಡೆಗಳಲ್ಲಿ ತೆಗೆದ 1975ರ ‘ಶೋಲೆ’ ಹಿಂದಿಯ ಚಿತ್ರ; ಅದರಲ್ಲಿ ವೆಸ್ಟರ್ನ್ ಇದೆ, ಪ್ರೇತವಿಲ್ಲ. ಚಿತ್ರದುರ್ಗದ ಕೋಟೆಯನ್ನು ಪುಟ್ಟಣ್ಣ ಕಣಗಾಲರು 1972ರ ‘ನಾಗರಹಾವು’ ಚಿತ್ರದಲ್ಲಿ ಅಜರಾಮರಗೊಳಿಸಿದರು. ಅಲ್ಲಿ ಬಂಡೆಗಳು ಒಬ್ಬ ತರುಣನ ಕೋಪತಾಪಗಳಿಗೆ ಸಾಕ್ಷಿಯಾದುವು.

ಆದರೂ ಈ ಕೂಟವು ನಮ್ಮ ಸೀಮೆಗೆ ಪರದೇಶದ್ದಲ್ಲ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಬಳಿಯಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಬೇಕು. ತುರುಗೋಳಿನಲ್ಲಿ ಸತ್ತವನ ಕಲ್ಲಿನಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ದನಗಳೂ ಕಾಳಗವೂ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಕಾಡುಗೊಲ್ಲರ ಜುಂಜಪ್ಪನೂ ದನಗಾಹಿ ವೀರನೇ; ಸತ್ತ ಮೇಲೆ ದೈವವಾದವನೇ. ಹಗಲಿನಲ್ಲಿ ಆ ಕಲ್ಲಿಗೆ ಕೈಮುಗಿಯುವ ಹಳ್ಳಿಗನೇ ಅಮಾವಾಸ್ಯೆಯ ರಾತ್ರಿ ಅದರ ಪಕ್ಕದಲ್ಲಿ ಹಾಯಲು ಹಿಂಜರಿಯುವುದುಂಟು. ವೀರವೂ ಭಯವೂ ಒಂದೇ ಕಲ್ಲನ್ನು ಆಶ್ರಯಿಸಿವೆ, ಒಂದನ್ನೊಂದು ಕೆಡಿಸಿಲ್ಲ.

ಕೈಯಲ್ಲಿ ಹಿಡಿದ ದೂರವಾಣಿಯಿಂದಲೇ ಚಿತ್ರ ತೆಗೆಯಬಹುದಾದ ಈ ಕಾಲದಲ್ಲಿ ಜಿಲ್ಲೆಯ ತರುಣರು ಈ ಬಡ ಚಿತ್ರಗಳಿಂದ ಕಲಿಯಬೇಕಾದದ್ದು ಟೋಪಿ ಕುದುರೆಗಳನ್ನಲ್ಲ, ಶಿಲುಬೆ ಬಾವಲಿಗಳನ್ನೂ ಅಲ್ಲ. ತನ್ನ ನೆಲದ ಬಯಲನ್ನು ನಂಬುವುದು, ತೋರಿಸುವುದಕ್ಕಿಂತ ಸೂಚಿಸುವುದು, ಆಯುಧ ಸೋತಲ್ಲಿ ಮನುಷ್ಯನು ಏನಾಗುವನೆಂದು ಕೇಳುವುದು: ಇವಿಷ್ಟನ್ನು ಕಲಿತರೆ ಸಾಕು. ಹೆದರಿದ ಉತ್ತರಕುಮಾರನು ನಡುಗುತ್ತಲೇ ಮರವನ್ನು ಹತ್ತಿದನು; ಹೆಣವನ್ನು ಸರಿಸಿ ನೋಡಿದಾಗ ಅವನ ಕೈಗೆ ದೊರಕಿದ್ದು ಗಾಂಡೀವ. ಹೀನವೆಂದು ದೂರವಿಟ್ಟುದರ ಹತ್ತಿರಕ್ಕೆ ಹೋಗುವ ಧೈರ್ಯ ವಿಮರ್ಶಕನಿಗೂ ಬೇಕು.