ಲೆಕ್ಕಕ್ಕೆ ಸೇರದ ಕಾಡು: ‘ದ್ವೀಪ’ ಮತ್ತು ವಿದ್ಯುತ್ ಸಂಸ್ಥೆಗಳ ಹೊಣೆ

ಶರಾವತಿ ಮುಳುಗಡೆಯ ಸಾಹಿತ್ಯವನ್ನು ಕನ್ನಡ ಓದುಗರು ಬಹುಕಾಲ ಮನುಷ್ಯರ ವಿಸ್ಥಾಪನೆಯ ಕಥೆಯೆಂದೇ ಓದಿಕೊಂಡು ಬಂದಿದ್ದಾರೆ. ಆ ಓದು ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. 2025ರ ಜನವರಿಯಲ್ಲಿ ನಿಧನರಾದ ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯನ್ನು ಇಂದು ಮತ್ತೆ ಕೈಗೆತ್ತಿಕೊಂಡವರಿಗೆ ಅದರಲ್ಲಿ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ನಾಡಿಗೆ ಬೆಳಕು ಕೊಡುವ ಸಂಸ್ಥೆ, ಅದಕ್ಕಾಗಿ ತಾನು ಅಳಿಸುವುದನ್ನು ಹೇಗೆ ಎಣಿಸಬೇಕು?

ಡಿಸೋಜ ಅವರು ಸಾಗರದವರು; ಲೋಕೋಪಯೋಗಿ ಇಲಾಖೆಯ ನೌಕರರಾಗಿ ಅಣೆಕಟ್ಟಿನ ಲೋಕವನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯ ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ನುಂಗಿತು. ಕಾದಂಬರಿಯ ಗಣಪಯ್ಯ, ನಾಗವೇಣಿ, ದುಗ್ಗಜ್ಜರ ಮನೆ ಏರುವ ನೀರಿನ ನಡುವೆ ನಡುಗಡ್ಡೆಯಾಗುತ್ತದೆ. ಪರಿಹಾರದ ಕಡತಕ್ಕೆ ಮನೆ, ಗದ್ದೆ, ತೋಟಗಳ ಬೆಲೆ ಕಟ್ಟುವುದು ಗೊತ್ತು. ನೆಲದೊಂದಿಗಿನ ನಂಟಿಗೆ ಅದರಲ್ಲಿ ಅಂಕಣವಿಲ್ಲ. ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳಾದರೂ ಪೂರ್ತಿ ಬಗೆಹರಿಯದಿರುವುದು ಆ ಕಡತದ ಮಿತಿಗೆ ಸಾಕ್ಷಿ.

ಗಿರೀಶ ಕಾಸರವಳ್ಳಿ ಅವರು ನಿರ್ದೇಶಿಸಿದ, ಸ್ವರ್ಣಕಮಲ ಪಡೆದ ‘ದ್ವೀಪ’ ಚಲನಚಿತ್ರ ಈ ಎಣಿಕೆಯ ದೋಷವನ್ನು ಮನೆಯೊಳಗೇ ತೋರಿಸುತ್ತದೆ. ಮಳೆ ಮತ್ತು ಹುಲಿಯ ಭಯದ ನಡುವೆ ಮನೆಯನ್ನು ಉಳಿಸಿಕೊಂಡವಳು ನಾಗಿ. ಗಂಡನಾದರೋ ಎಲ್ಲವೂ ದೈವಕೃಪೆ ಎನ್ನುತ್ತಾನೆ. ಉಳಿಸಿದ ಶ್ರಮವೇ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಆದರೆ ಚಿತ್ರಕ್ಕೂ ಒಂದು ಮಿತಿಯಿದೆ. ಅಲ್ಲಿ ಹುಲಿ ಬಹುಮಟ್ಟಿಗೆ ಭಯದ ರೂಪವಾಗಿಯೇ ಉಳಿಯುತ್ತದೆ. ನೀರೇರಿದಾಗ ನೆಲೆ ತಪ್ಪಿದ ಮತ್ತೊಂದು ಜೀವ ಅದು ಎಂಬ ಕಡೆಗೆ ನೋಟ ಹೊರಳುವುದಿಲ್ಲ. ನಾಗಿಗೆ ಸಲ್ಲದ ನ್ಯಾಯ ಕಾಡಿಗೂ ಸಲ್ಲಲಿಲ್ಲ.

ಈ ಕೊರತೆ ಇಂದು ಕೇವಲ ಕಲಾವಿಮರ್ಶೆಯ ವಿಷಯವಾಗಿ ಉಳಿದಿಲ್ಲ. ಅದೇ ಕಣಿವೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮ 2000 ಮೆಗಾವಾಟ್ ಸಾಮರ್ಥ್ಯದ ಭೂಗರ್ಭ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ರೂಪಿಸಿದೆ. ಗೇರುಸೊಪ್ಪೆಯ ನೀರನ್ನು ವಿದ್ಯುತ್ ಹೆಚ್ಚಿರುವ ಹೊತ್ತಿನಲ್ಲಿ ತಲಕಳಲೆಗೆ ಎತ್ತಿ, ಬೇಡಿಕೆ ಹೆಚ್ಚಿದಾಗ ಕೆಳಗೆ ಹರಿಸುವುದು ಅದರ ಕ್ರಮ. ಪಾವಗಡದಂಥ ಸೌರ ಉದ್ಯಾನಗಳು ಹಗಲಿನಲ್ಲಿ ಮಾತ್ರ ಕೊಡುವ ಶಕ್ತಿಯನ್ನು ರಾತ್ರಿಗೆ ಕಾಪಿಡಬೇಕೆಂಬ ಅಗತ್ಯ ಸುಳ್ಳಲ್ಲ. ಇರುವ ಜಲಾಶಯಗಳನ್ನೇ ಬಳಸುವುದರಿಂದ ಹಳೆಯ ರೀತಿಯ ಮುಳುಗಡೆಯಿಲ್ಲ ಎಂಬ ವಾದದಲ್ಲೂ ಹುರುಳಿದೆ. ಆದರೆ ಎತ್ತಲು ವ್ಯಯವಾಗುವ ವಿದ್ಯುತ್ತು ಮರಳಿ ದೊರೆಯುವುದಕ್ಕಿಂತ ಹೆಚ್ಚು. ಸುರಂಗ, ರಸ್ತೆ, ಅಗೆದ ಮಣ್ಣು ಇವೆಲ್ಲವೂ ಕಾಡಿನಲ್ಲೇ ಜಾಗ ಕೇಳುತ್ತವೆ. ಕಡಿಯಬೇಕಾದ ಮರಗಳ ಸಂಖ್ಯೆಯೇ ಹದಿನೈದು ಸಾವಿರವನ್ನು ಮೀರುವುದೆಂದು ಅಂದಾಜಿಸಲಾಗಿತ್ತು. 2025ರ ಜೂನ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಯೋಜನೆಗೆ ತಾತ್ವಿಕ ಸಮ್ಮತಿ ನೀಡಿತು.

ಆ ಕಾಡು ಸಿಂಗಳೀಕ ಅಭಯಾರಣ್ಯ. ಪಶ್ಚಿಮಘಟ್ಟವನ್ನು ಬಿಟ್ಟು ಜಗತ್ತಿನ ಬೇರಾವ ಕಾಡಿನಲ್ಲೂ ಸಿಂಗಳೀಕವಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮೇವಾ ಸಿಂಗ್, ಎಚ್. ಎನ್. ಕುಮಾರ ಮೊದಲಾದವರು ಈ ಪ್ರಾಣಿಯನ್ನು ದೀರ್ಘಕಾಲ ಅಭ್ಯಸಿಸಿದ್ದಾರೆ. ಅದು ಮರದಿಂದ ಮರಕ್ಕೆ ಸಾಗುವ ಜೀವ. ನೆತ್ತಿಯ ಹಂದರ ಒಂದು ಕಡೆ ಕಡಿದರೆ ಅದರ ದಾರಿಯೇ ಕಡಿಯುತ್ತದೆ. ಬೇರೊಂದು ಜಿಲ್ಲೆಯಲ್ಲಿ ನೆಟ್ಟ ಸಸಿ ಆ ದಾರಿಯನ್ನು ಕೂಡಿಸಲಾರದು. ಬದಲಿ ಅರಣ್ಯೀಕರಣ ಮರವನ್ನು ಎಣಿಸುತ್ತದೆ, ಕಾಡನ್ನಲ್ಲ.

ಹಾಗಾದರೆ ವಿದ್ಯುತ್ ಸಂಸ್ಥೆ ಮಾಡಬೇಕಾದದ್ದೇನು? ಮೊದಲು, ಅಖಂಡ ಕಾಡನ್ನು ಹೊಗದೆ ಕಾರ್ಯ ಸಾಧಿಸುವ ಬೇರೆ ಸ್ಥಳವನ್ನೂ ಬೇರೆ ವಿಧಾನವನ್ನೂ ಪ್ರಾಮಾಣಿಕವಾಗಿ ಅರಸಬೇಕು. ಹೊಗಲೇಬೇಕಾದಲ್ಲಿ ಹಂದರ ಕಡಿಯದಂತೆ, ಮಣ್ಣು ಹೊಳೆಗೆ ಬೀಳದಂತೆ, ಅಣೆಕಟ್ಟಿನ ಕೆಳಗೂ ಹರಿವು ಬತ್ತದಂತೆ ನೋಡಿಕೊಳ್ಳಬೇಕು. ನಷ್ಟದ ಸಮೀಕ್ಷೆ ತನ್ನ ಹಂಗಿಲ್ಲದ ತಜ್ಞರಿಂದ ನಡೆದು ಜನರ ಮುಂದೆ ಬರಬೇಕು. ಪರಿಹಾರದ ಮಾತು ಇವೆಲ್ಲದರ ಅನಂತರದ್ದು. ಈ ಅನುಕ್ರಮವನ್ನು ತಲೆಕೆಳಗು ಮಾಡಿ ಸಸಿಯಿಂದಲೇ ಆರಂಭಿಸುವುದು ಇಂದಿನ ರೂಢಿ.

ಈರ್ಯಾಸಮಿತಿ ಹೇಳುವುದೂ ಇದೇ ಅನುಕ್ರಮವನ್ನು: ಹೆಜ್ಜೆಯಿಡುವ ಮುನ್ನ ನೆಲವನ್ನು ನೋಡಬೇಕು. ಪ್ರತಿಕ್ರಮಣವಿದೆ ಎಂಬ ಧೈರ್ಯದಿಂದ ನೋಡದೆ ನಡೆಯುವುದು ಧರ್ಮವಲ್ಲ. ಮತ್ತೆ ತಪ್ಪೆಸಗೆನೆಂಬ ಸಂಕಲ್ಪವಿಲ್ಲದ ಪ್ರತಿಕ್ರಮಣ ಬರಿಯ ಉಚ್ಚಾರಣೆ. ಗೇರುಸೊಪ್ಪೆಯ ಕಾಡಿನಲ್ಲಿ ಚತುರ್ಮುಖ ಬಸದಿ ಇಂದಿಗೂ ನಿಂತಿದೆ. ಚೆನ್ನಭೈರಾದೇವಿಯ ಆ ಪಟ್ಟಣ ಕರಿಮೆಣಸಿನ ವ್ಯಾಪಾರಕ್ಕೆ ಹೆಸರಾಗಿತ್ತು. ಮೆಣಸಿನ ಬಳ್ಳಿ ಹಬ್ಬಲು ನಿಂತ ಮರ ಬೇಕು. ಕಾಡಿನಿಂದ ಪಡೆಯುವ ಎಲ್ಲ ಲಾಭವೂ ಕಾಡನ್ನು ಕಡಿದೇ ಬರಬೇಕಿಲ್ಲ ಎಂಬುದಕ್ಕೆ ಆ ಬಳ್ಳಿಯೇ ನಿದರ್ಶನ.

ಈ ಹೊಣೆ ನಿಗಮದ್ದು ಮಾತ್ರವೆಂದು ತಿಳಿಯುವುದು ಸುಲಭ. ಸಂಜೆ ಏಳಕ್ಕೆ ಮೈಸೂರಿನ ಜಯಲಕ್ಷ್ಮಿಪುರಂನ ಮನೆಮನೆಯಲ್ಲೂ ಸ್ವಿಚ್ಚು ಒತ್ತುವ ಕೈಗಳೇ ಆ ಬೇಡಿಕೆಯ ಶಿಖರವನ್ನು ಕಟ್ಟುತ್ತವೆ. ಅಪರಿಗ್ರಹದ ಮಾತನ್ನು ಆ ಕೈಗಳೂ ಕೇಳಿಸಿಕೊಂಡರೆ ಕಣಿವೆಯ ಮೇಲಿನ ಭಾರ ಅಷ್ಟು ಇಳಿದೀತು. ‘ದ್ವೀಪ’ವನ್ನು ಮರಳಿ ಓದುವುದರ ಸಾರ್ಥಕತೆ ಇರುವುದು ಇಲ್ಲಿಯೇ: ನೀರು ಏರುವುದಕ್ಕೆ ಮುಂಚೆ ಲೆಕ್ಕ ಬರೆಯಬೇಕು, ಆ ಲೆಕ್ಕದಲ್ಲಿ ಮಾತಿಲ್ಲದ ಜೀವಗಳಿಗೂ ಒಂದು ಅಂಕಣವಿರಬೇಕು.