ತಾಳ ತಪ್ಪಿಸಿ ನಡೆಯುವವರು

ಒಂದು ಹೆಜ್ಜೆ ಇಡಬೇಕು, ಇನ್ನೊಂದನ್ನು ಎಳೆಯಬೇಕು, ತುಸು ನಿಲ್ಲಬೇಕು. ಎಲ್ಲೂ ತಾಳ ಕೂಡಬಾರದು. ಗಾಳಿಗೆ ಮರಳು ತಾನಾಗಿ ಜಾರಿದಷ್ಟೇ ಸದ್ದು ಕೇಳಬೇಕು. ಅರಾಕಿಸ್ ಗ್ರಹದ ಫ್ರೆಮೆನ್ ಜನ ಮರಳುಗಾಡಿನಲ್ಲಿ ನಡೆಯುವುದು ಹೀಗೆ. ಒಂದೇ ಲಯದಲ್ಲಿ ನಡೆದವನನ್ನು ಹುಡುಕಿಕೊಂಡು ನೆಲದಡಿಯಿಂದ ಮರಳುಹುಳು ಬರುತ್ತದೆ.

ಫ್ರ್ಯಾಂಕ್ ಹರ್ಬರ್ಟ್ 1965ರಲ್ಲಿ ಪ್ರಕಟಿಸಿದ ‘ಡ್ಯೂನ್’ ಕಾದಂಬರಿಯ ಈ ಹುಳು 400 ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲದು. ಮರಳಿನಿಂದ ಮಸಾಲೆ ಬಾಚುವ ಕಾರ್ಖಾನೆಯಂಥ ಯಂತ್ರವನ್ನು ಇಡಿಯಾಗಿ ನುಂಗಬಲ್ಲದು. ಆದರೆ ಕಲ್ಪಿತ ಲೋಕದ ದೈತ್ಯಪ್ರಾಣಿಗಳಿಗೆ ನಾನು ಹಿಡಿಯುವ ಒರೆಗಲ್ಲು ಬೇರೆ: ಪ್ರಾಣಿಯನ್ನು ತೆಗೆದುಬಿಟ್ಟರೆ ಆ ಲೋಕದಲ್ಲಿ ಏನು ಉಳಿಯುತ್ತದೆ?

ಅರಾಕಿಸ್‌ನಲ್ಲಿ ಏನೂ ಉಳಿಯುವುದಿಲ್ಲ. ಹುಳುವಿನ ಮರಿರೂಪವಾದ ಸ್ಯಾಂಡ್‌ಟ್ರೌಟ್ ನೆಲದಾಳದ ನೀರನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ; ಮರಳುಗಾಡಾದದ್ದು ಅದರಿಂದ. ಆ ನೀರಿಗೆ ಅದರ ವಿಸರ್ಜನೆ ಬೆರೆತು ಹುಟ್ಟುವುದೇ ಮೆಲಾಂಜ್ ಎಂಬ ಮಸಾಲೆ. ಅದಿಲ್ಲದೆ ನಕ್ಷತ್ರಗಳ ನಡುವೆ ಹಡಗು ನಡೆಸುವವರಿಗೆ ದಾರಿ ಕಾಣದು. ಫ್ರೆಮೆನ್ ಯೋಧನ ಸೊಂಟದ ಚೂರಿಯೂ ಹುಳುವಿನ ಹಲ್ಲೇ. ಫ್ರೆಮೆನ್ನರು ಹುಳುವನ್ನು ಶಾಯ್-ಹುಲುದ್ ಎಂದು ಕರೆದು ಕೈಮುಗಿಯುತ್ತಾರೆ.

ಹಾಗೆ ಕೈಮುಗಿದವರೇ ಅದನ್ನು ಏರುತ್ತಾರೆ! ದಬ್ ದಬ್ ಎಂದು ನೆಲ ಗುದ್ದುವ ಕೋಲು ನೆಟ್ಟು ಹುಳುವನ್ನು ಕರೆಯುವುದು, ಅದು ಪಕ್ಕದಲ್ಲಿ ಹಾದುಹೋಗುವಾಗ ಮೈಮೇಲಿನ ಬಳೆಯಂಥ ಪದರದ ಅಂಚಿಗೆ ಕೊಕ್ಕೆ ಹಾಕಿ ಎತ್ತುವುದು. ಒಳಗಿನ ಮೆತ್ತನೆಯ ಮಾಂಸಕ್ಕೆ ಮರಳು ತಾಗಿದರೆ ಉರಿ. ಅದಕ್ಕೇ ಹುಳು ಮೈ ಹೊರಳಿಸಿ ಆ ಭಾಗವನ್ನು ಮೇಲಕ್ಕೆ ತರುತ್ತದೆ. ಕೊಕ್ಕೆ ಹಿಡಿದವನೂ ಜೊತೆಗೇ ಬೆನ್ನ ಮೇಲೆ ಬರುತ್ತಾನೆ. ಪದರ ತೆರೆದಿರುವಷ್ಟು ಹೊತ್ತು ಅದು ಮರಳಿಗಿಳಿಯದು. ಆ ಉರಿಯೇ ಲಗಾಮು. ಕಾದಂಬರಿಯನ್ನು ಆಧರಿಸಿದ 2024ರ ಸಿನಿಮಾದಲ್ಲಿ ಈ ಸವಾರಿಯನ್ನು ಮೈನವಿರೇಳುವಂತೆ ತೋರಿಸಿದ್ದಾರೆ. ಈ ಕೊಕ್ಕೆಯ ಲೆಕ್ಕಾಚಾರ ಮಾತ್ರ ಪುಸ್ತಕದಲ್ಲೇ ಸವಿಯಬೇಕಾದದ್ದು.

ಕಾದಂಬರಿ ಬರೆಯುವ ಮೊದಲು, 1957ರಲ್ಲಿ, ಹರ್ಬರ್ಟ್ ಅಮೆರಿಕದ ಆರೆಗಾನ್ ಕರಾವಳಿಯ ಫ್ಲಾರೆನ್ಸ್ ಊರಿಗೆ ಹೋಗಿದ್ದ. ಸರಿದು ಬರುವ ಮರಳುದಿಬ್ಬಗಳನ್ನು ಅಲ್ಲಿ ಹುಲ್ಲು ನೆಟ್ಟು ತಡೆಯುತ್ತಿದ್ದರು. ಅದರ ಬಗ್ಗೆ ಬರೆಯಹೊರಟ ಲೇಖನ ಅಚ್ಚಾಗಲಿಲ್ಲ. ಹುಲ್ಲು ಮಾತ್ರ ಕಾದಂಬರಿಯೊಳಗೆ ಬೇರು ಬಿಟ್ಟಿತು. ಫ್ರೆಮೆನ್ನರೂ ದಿಬ್ಬಗಳಿಗೆ ಹುಲ್ಲು ನೆಡುತ್ತಾರೆ, ಮುಂದೊಂದು ದಿನ ನದಿ ಹರಿಯಲೆಂದು ಹನಿಹನಿ ನೀರು ಕೂಡಿಡುತ್ತಾರೆ. ಆದರೆ ಹುಳುವಿಗೆ ನೀರು ವಿಷ. ಗ್ರಹ ಹಸಿರಾದಷ್ಟೂ ಅವರ ದೇವರಿಗೆ ಜಾಗ ಕಿರಿದಾಗುತ್ತದೆ.

ಓದುವವರು ಕೊನೆಯಲ್ಲಿರುವ ಪರಿಸರದ ಅನುಬಂಧವನ್ನು ಬಿಡಬೇಡಿ. ಅದನ್ನು ಮುಗಿಸಿ ಮತ್ತೆ ಮೊದಲಿಗೆ ಬಂದರೆ, ತಾಳ ತಪ್ಪಿಸುವ ಆ ನಡಿಗೆಯಲ್ಲಿ ಭಯದ ಜೊತೆ ಭಕ್ತಿಯೂ ಕೇಳಿಸುತ್ತದೆ.