ರಿವಾಯತ್ ಪದ: ಭಾವೈಕ್ಯದ ಹೆಸರಿನಲ್ಲಿ ಮರೆತ ಕಾವ್ಯ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೊಹರಂ ಹತ್ತಿರ ಬಂತೆಂದರೆ, ಹೊಲದ ಕೆಲಸ ಮುಗಿಸಿದವರು ರಾತ್ರಿ ಮಸೂತಿಯ ಮುಂದೆ ಸೇರುತ್ತಾರೆ. ಕಾಲಿಗೆ ಗೆಜ್ಜೆ, ಕೈಯಲ್ಲಿ ಕರವಸ್ತ್ರ. ದುಂಡಗೆ ನಿಂತು ಹೆಜ್ಜೆ ಹಾಕುತ್ತ, ಒಬ್ಬ ಹೇಳಿದ ನುಡಿಯನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ಇದೇ ರಿವಾಯತ್. ಹಾಡುವವರಲ್ಲಿ ಎಲ್ಲ ಜಾತಿಯವರೂ ಉಂಟು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ಅಲಾಯಿ ದೇವರನ್ನು ಕೂರಿಸುತ್ತಾರೆ.

ಇದನ್ನು ಕಂಡು ಬರೆಯುವವರು ಹೆಚ್ಚಾಗಿ ‘ಭಾವೈಕ್ಯ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಮಾತು ಸುಳ್ಳಲ್ಲ. ಇಂದಿನ ದಿನಗಳಲ್ಲಿ ಅದನ್ನು ಆಡಲೇಬೇಕು. ಆದರೆ ಹಾಡಿದವನ ಜಾತಿ ಕೇಳಿ ಸಂತೋಷಪಡುವ ನಾವು, ಅವನು ಹಾಡಿದ್ದೇನು, ಅದು ಕಾವ್ಯವಾಗಿದೆಯೇ ಎಂದು ಕೇಳುವುದಿಲ್ಲ. ಹಳ್ಳಿಗನ ಬಿಡುವಿನ ಹವ್ಯಾಸವೆಂದು ಬೆನ್ನು ತಟ್ಟಿ ಮುಂದೆ ಹೋಗುತ್ತೇವೆ.

ಉರ್ದು ಕಲಿತ ನಾವು ಶಾಲೆಯಲ್ಲಿ ಮೀರ್ ಅನೀಸರ ಮರ್ಸಿಯಾ ಓದಿದವರು. ಕರ್ಬಲಾ ನಡೆದದ್ದು ಕ್ರಿ.ಶ. 680ರಲ್ಲಿ, ಇರಾಕಿನ ನೆಲದಲ್ಲಿ. ಅನೀಸರ ಪದ್ಯದಲ್ಲಿ ಪ್ರವಾದಿ ಮನೆತನದ ಹೆಂಗಸರು ಲಖನೌದ ಘನವಂತ ಮನೆಗಳವರಂತೆ ನಡೆದುಕೊಳ್ಳುತ್ತಾರೆ. ಉರ್ದು ವಿಮರ್ಶೆ ಇದನ್ನು ಚರ್ಚಿಸಿತು. 1907ರಲ್ಲಿ ಶಿಬ್ಲಿ ನುಮಾನಿ ‘ಮುವಾಜನಾ’ ಬರೆದು ಅನೀಸ್ ಮತ್ತು ದಬೀರರನ್ನು ತಕ್ಕಡಿಯಲ್ಲಿಟ್ಟು ತೂಗಿದರು. ದಬೀರರ ಅಭಿಮಾನಿಗಳು ಸಿಟ್ಟಾಗಿ ಉತ್ತರ ಬರೆದರು. ಆ ಜಗಳವೇ ಗೌರವವಾಗಿತ್ತು. ಅದೇ ಕರ್ಬಲಾ ನಮ್ಮ ಓಣಿಯಲ್ಲಿ ಕನ್ನಡದಲ್ಲಿ ಕೇಳುತ್ತಿದ್ದಾಗ, ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನಮಗೆ ಬರಲಿಲ್ಲ.

ರಿವಾಯತ್ ಮಾಡಿದ್ದೂ ಅನೀಸರ ಕೆಲಸವನ್ನೇ. ಇಮಾಮ್ ಹುಸೇನರ ಬಾಯಾರಿಕೆಯನ್ನು ಬರದ ನಾಡಿನವನಿಗೆ ವಿವರಿಸಬೇಕಾಗಿಲ್ಲ. ಕುಡಿಯುವ ನೀರಿಗೆ ಕಾವಲು ಹಾಕುವುದೆಂದರೇನು ಎಂಬುದು ದಲಿತ ಕೇರಿಯ ಹಾಡುಗಾರನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಫುರಾತ್ ನದಿ ಅವನಿಗೆ ದೂರದ್ದಲ್ಲ, ಊರಿನ ಮೇಲ್ಕೇರಿಯ ಬಾವಿಯೇ.

ಪದದ ಕೊನೆಯ ನುಡಿಯಲ್ಲಿ ಊರಿನ, ಉಸ್ತಾದನ, ಪದ ಕಟ್ಟಿದವನ ಹೆಸರು ಬರುತ್ತದೆ. ಎದುರು ಮೇಳ ಸವಾಲು ಹಾಕಿದರೆ ಜವಾಬು ಕೊಡಬೇಕು. ತಪ್ಪಿದರೆ ಕೂತವರು ಬಿಡುವುದಿಲ್ಲ. ಅಂದರೆ ಹಳ್ಳಿಯಲ್ಲಿ ಕವಿಯೂ ಇದ್ದಾನೆ, ವಿಮರ್ಶಕನೂ ಇದ್ದಾನೆ. ಹಾಗಿದ್ದೂ ಅಚ್ಚಿಗೆ ಬರುವಾಗ ಅಂಕಿತವಿರುವ ಕವಿ ಬರೀ ‘ಜನಪದ’ ಆಗಿಬಿಡುತ್ತಾನೆ.

ಕಾವ್ಯವೆಂದು ಒಪ್ಪಿದ ಮೇಲೆ ದೋಷವನ್ನೂ ಹೇಳಬೇಕು. ನಾವು ಕೇಳಿದ ಪದಗಳಲ್ಲಿ ಕರ್ಬಲಾದ ತಾಯಂದಿರು ಅಳುತ್ತಾರೆ, ಮಾತಾಡುವುದು ಕಡಿಮೆ. ಯಜೀದನ ದರ್ಬಾರಿನಲ್ಲಿ ನಿಂತು ಅವನಿಗೇ ಎದುರಾಡಿದ ಬೀಬಿ ಜೈನಬರು ಗಂಡಸರ ಮೇಳಗಳಿಗೆ ಅಷ್ಟಾಗಿ ಕಾಣಿಸಿಲ್ಲ. ಸಿನಿಮಾ ಧಾಟಿಗೆ ತುರುಕಿದ ಎಷ್ಟೋ ಪದಗಳಲ್ಲಿ ಪ್ರಾಸವಷ್ಟೇ ಉಳಿದಿದೆ.

ಇನ್ನು ನಮ್ಮವರ ಮಾತು. ಪಂಜಾಕ್ಕೆ ಹರಕೆ ಹೊರುವುದು ತೌಹೀದಿಗೆ ಸಲ್ಲದು ಎಂಬ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಹರಕೆ ಬೇರೆ, ಪದ ಬೇರೆ. ಅನ್ಯಾಯದ ಅರಸನಿಗೆ ತಲೆಬಾಗದವನ ಕಥೆಯನ್ನು ನೆರೆಮನೆಯವನು ತನ್ನ ನುಡಿಯಲ್ಲಿ, ತನ್ನದೇ ದುಃಖವೆಂದು ಹಾಡುತ್ತಿದ್ದಾನೆ. ಹರಕೆ ಬೇಡವೆನ್ನುವ ಭರದಲ್ಲಿ ಅವನ ಬಾಯಿಯನ್ನೂ ಮುಚ್ಚಿಸಿದರೆ ಗೆಲ್ಲುವವರು ಯಾರು? ಖಾಲಿಯಾದ ಬಯಲನ್ನು ತುಂಬಲು ಡೀಜೆ ಕಾದು ನಿಂತಿದೆ. ಅದಕ್ಕೆ ಕರ್ಬಲಾವೂ ಬೇಡ, ಕನ್ನಡವೂ ಬೇಡ.

ಹಿರಿಯ ಹಾಡುಗಾರರ ಟ್ರಂಕುಗಳಲ್ಲಿ ಕೈಬರಹದ ಪದಗಳ ನೋಟುಬುಕ್ಕುಗಳಿವೆ. ಓದುಗರು ತಮ್ಮ ಊರಿನ ಒಂದನ್ನಾದರೂ ಕೇಳಿ ಪಡೆದು, ಕವಿಯ ಹೆಸರಿನೊಂದಿಗೆ ನಕಲು ಮಾಡಿಕೊಳ್ಳಲಿ. ಆಮೇಲೆ ಯಾವ ಪದ ಗಟ್ಟಿ, ಯಾವುದು ಜೊಳ್ಳು ಎಂದು ಜಗಳವಾಡೋಣ. ಆ ಜಗಳ ಕನ್ನಡದಲ್ಲಿ ಇನ್ನೂ ಬಾಕಿಯಿದೆ.